ಸಹಾಯಧನದ ರೊಕ್ಕ ಯಾವ ಬಾಗಿಲಲ್ಲಿ ನಿಂತಿದೆ?

"ನಿಮಗ ಬಂತೇನ್ರಿ?"

ಕಂತು ಬಿಡುಗಡೆಯಾದ ಮರುದಿನ ನಮ್ಮ ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಕೇಳಿಬರುವ ಮೊದಲ ಮಾತು ಇದು. ಡೇರಿ ಮುಂದೆ, ಹಿಟ್ಟಿನ ಗಿರಣಿಯಲ್ಲಿ, ಬಸ್ಸಿಗೆ ಕಾಯುವಲ್ಲಿ ಎಲ್ಲ ಕಡೆ ಇದೇ. ಒಬ್ಬರಿಗೆ ಬಂದಿರುತ್ತದೆ, ಅವರ ಬದುವಿನ ಆಚೆಯವರಿಗೆ ಬಂದಿರುವುದಿಲ್ಲ. ಯಾಕೆ ಬರಲಿಲ್ಲ ಅಂತ ಕೇಳಿದರೆ "ಮ್ಯಾಲಿಂದ ಬಂದಿಲ್ಲ" ಎಂಬ ಒಂದೇ ಉತ್ತರ. ಅಲ್ಲಿಗೆ ವಿಚಾರ ಮುಗಿಯಿತು.

ನಾನು ಭತ್ತ, ಒಂದಿಷ್ಟು ಗೇರು ಬೆಳೆಯುವ ಸಣ್ಣ ಹಿಡುವಳಿದಾರ. ಊರಲ್ಲಿ ಕಾಗದ ಓದಿ ಹೇಳುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿದೆ. ಬೇರೆಯವರ ಕಾಗದ ಹಿಡಿದು ತಿರುಗಿ ನಾನು ಕಂಡುಕೊಂಡದ್ದು ಇಷ್ಟು: ಹೆಚ್ಚಿನ ಸಲ ರೊಕ್ಕ ಮೇಲೆ ನಿಂತಿರುವುದಿಲ್ಲ, ನಡುವಿನ ಯಾವುದೋ ಒಂದು ಬಾಗಿಲಲ್ಲಿ ನಿಂತಿರುತ್ತದೆ. ಆ ಬಾಗಿಲು ಯಾವುದು ಎಂದು ತಿಳಿದರೆ ಅರ್ಧ ಕೆಲಸ ಆದಂತೆ. ಅದನ್ನು ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳುತ್ತೇನೆ.

ಕೈಗೆ ಬರುವುದು, ಬಾರದಿರುವುದು

ಮೊದಲು ಒಂದು ವಿಂಗಡಣೆ ಬೇಕು. ಸರಕಾರ ಕೃಷಿಗೆ ಕೊಡುವ ಸಹಾಯಧನವೆಲ್ಲ ನಮ್ಮ ಖಾತೆಗೆ ಬರುವುದಿಲ್ಲ. ಯೂರಿಯಾ ತೆಗೆದುಕೊಳ್ಳಿ. 45 ಕಿಲೋ ಚೀಲವನ್ನು ನಾವು 266 ರೂಪಾಯಿ ಚಿಲ್ಲರೆಗೆ ತರುತ್ತೇವೆ. ಅದರ ನಿಜವಾದ ಖರ್ಚು ಇದರ ಎಷ್ಟೋ ಪಟ್ಟು. ಮಿಕ್ಕ ಹಣವನ್ನು ಕೇಂದ್ರ ಸರಕಾರ ಗೊಬ್ಬರದ ಕಂಪನಿಗೆ ಕೊಡುತ್ತದೆ. 2018ರಿಂದ ದೇಶದೆಲ್ಲೆಡೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ಬಂತಲ್ಲ, ಅದು ಇದಕ್ಕೇ. ಚೀಲ ರೈತನಿಗೆ ಮಾರಾಟವಾದ ಲೆಕ್ಕ ಸಿಕ್ಕ ಮೇಲೆ ಕಂಪನಿಗೆ ಹಣ. 10 ಎಚ್‌.ಪಿ. ತನಕದ ಪಂಪ್‌ಸೆಟ್ಟಿನ ಪುಕ್ಕಟೆ ವಿದ್ಯುತ್ತಿನದೂ ಇದೇ ಕಥೆ. ಹಣ ಹೋಗುವುದು ವಿದ್ಯುತ್ ಕಂಪನಿಗೆ. ಸೊಸೈಟಿಯ ಬಡ್ಡಿಯಿಲ್ಲದ ಬೆಳೆಸಾಲದಲ್ಲೂ ನಮ್ಮ ಬಡ್ಡಿಯನ್ನು ಸರಕಾರ ಸೊಸೈಟಿಗೆ ತುಂಬಿಕೊಡುತ್ತದೆ.

ಈ ಬಗೆಯ ಸಹಾಯ ಯಾರಿಗೆ ಹೆಚ್ಚು ಸಿಗುತ್ತದೆ? ಹೆಚ್ಚು ಗೊಬ್ಬರ ಹಾಕುವವರಿಗೆ, ಬೋರು ಇದ್ದವರಿಗೆ, ಸಾಲ ಹುಟ್ಟುವಷ್ಟು ಜಮೀನು ಇದ್ದವರಿಗೆ. ನಮ್ಮ ಕಣಕುಂಬಿ, ಜಾಂಬೋಟಿ ಕಡೆಯ ಮಳೆಯಾಶ್ರಿತ ಭತ್ತದ ಗದ್ದೆಯವನಿಗೆ ಸಿಗುವುದು ಕಡಿಮೆ. ಅದಕ್ಕೇ ಖಾತೆಗೆ ನೇರವಾಗಿ ಬರುವ ರೊಕ್ಕದ ಮಹತ್ವ ಅವನಿಗೆ ಜಾಸ್ತಿ. ಈ ಲೇಖನ ಆ ಎರಡನೇ ಬಗೆಯದರ ಕುರಿತು.

ಆರು ಸಾವಿರದ ಕಥೆ

ಪಿಎಂ ಕಿಸಾನ್ ಯೋಜನೆಯ ಉದ್ಘಾಟನೆ ಆದದ್ದು 2019ರ ಫೆಬ್ರವರಿ 24ರಂದು. ಲೆಕ್ಕ ಹಿಡಿದದ್ದು 2018ರ ಡಿಸೆಂಬರ್ 1ರಿಂದ. ಮೊದಲಿಗೆ 2 ಹೆಕ್ಟೇರ್ ಒಳಗಿನವರಿಗೆ ಮಾತ್ರ ಎಂದಿತ್ತು. 2019ರ ಜೂನಿನಿಂದ ಹಿಡುವಳಿಯ ಮಿತಿ ತೆಗೆದರು. ವರ್ಷಕ್ಕೆ 6,000 ರೂಪಾಯಿ. ಎಪ್ರಿಲ್‌ನಿಂದ ಜುಲೈ, ಆಗಸ್ಟ್‌ನಿಂದ ನವೆಂಬರ್, ಡಿಸೆಂಬರ್‌ನಿಂದ ಮಾರ್ಚ್ ಹೀಗೆ ಮೂರು ಕಂತು, ಒಂದೊಂದಕ್ಕೆ 2,000. ಅರ್ಧ ಎಕರೆಯವನಿಗೂ ಅಷ್ಟೇ, ಹತ್ತು ಎಕರೆಯವನಿಗೂ ಅಷ್ಟೇ. ಕರ್ನಾಟಕ ಸರಕಾರ 2019ರಲ್ಲಿ ಇದಕ್ಕೆ ತನ್ನದೂ 4,000 ಸೇರಿಸಿತ್ತು. ಅದು 2023ರಲ್ಲಿ ನಿಂತಿತು. ಈಗಲೂ ಕೆಲವರು "ರಾಜ್ಯದ್ದು ಬಂದಿಲ್ಲ" ಅಂತ ಬ್ಯಾಂಕಿಗೆ ಹೋಗಿ ಕೇಳುವುದುಂಟು. ಅದು ಬರುವುದಿಲ್ಲ, ಬಸ್ ಖರ್ಚು ಮಾಡಬೇಡಿರಿ.

ಇದರ 13ನೇ ಕಂತು ಬಿಡುಗಡೆಯಾದದ್ದು ನಮ್ಮ ಬೆಳಗಾವಿಯಲ್ಲೇ, 2023ರ ಫೆಬ್ರವರಿ 27ರಂದು. ಪ್ರಧಾನಿ ಬಂದು ಗುಂಡಿ ಒತ್ತಿದರು. ದೇಶದ 8 ಕೋಟಿಗೂ ಹೆಚ್ಚು ರೈತರಿಗೆ ಸುಮಾರು 16,000 ಕೋಟಿ ರೂಪಾಯಿ. ದೊಡ್ಡ ಮೊತ್ತವೇ. ಆದರೆ ಅದಕ್ಕೆ ಒಂಬತ್ತು ತಿಂಗಳು ಮೊದಲು, 2022ರ ಮೇ 31ರಂದು 11ನೇ ಕಂತು ಬಿಟ್ಟಾಗ ಲೆಕ್ಕ ಬೇರೆ ಇತ್ತು. ಅಂದು 10 ಕೋಟಿಗೂ ಹೆಚ್ಚು ರೈತರು, ಸುಮಾರು 21,000 ಕೋಟಿ ರೂಪಾಯಿ.

ನಡುವೆ ಎರಡು ಕೋಟಿ ಹೆಸರು ಎಲ್ಲಿ ಹೋದವು? ಅವರೆಲ್ಲ ಹೊಲ ಮಾರಿಕೊಂಡರೇ? ಇಲ್ಲ. 2022 ಮತ್ತು 2023ರಲ್ಲಿ ಸರಕಾರ ಮೂರು ನಿಯಮ ಬಿಗಿ ಮಾಡಿತು. ಜಮೀನಿನ ದಾಖಲೆ ಜೋಡಿಸಿರಬೇಕು. ಹಣ ಆಧಾರ್ ಮೂಲಕವೇ ಹೋಗಬೇಕು. ಇ-ಕೆವೈಸಿ ಆಗಿರಬೇಕು. ಇದರಲ್ಲಿ ಅನರ್ಹರು ಎಷ್ಟೋ ಮಂದಿ ಹೊರಗೆ ಬಿದ್ದರು, ಅದು ಸರಿಯೇ. ಆದಾಯ ತೆರಿಗೆ ಕಟ್ಟುವವರು, 10,000ಕ್ಕೂ ಮೇಲ್ಪಟ್ಟು ಪಿಂಚಣಿ ಬರುವವರು, ಸರಕಾರಿ ನೌಕರರು, ವೃತ್ತಿಯಲ್ಲಿರುವ ಡಾಕ್ಟರು, ವಕೀಲರು, ಇಂಜಿನಿಯರುಗಳು ಇದಕ್ಕೆ ಅರ್ಹರಲ್ಲ. ಡಿ ದರ್ಜೆಯ ನೌಕರರಿಗೆ ಮಾತ್ರ ವಿನಾಯಿತಿ. ಅನರ್ಹರು ತೆಗೆದುಕೊಂಡಿದ್ದರೆ ವಾಪಸು ಕಟ್ಟಬೇಕಾಗುತ್ತದೆ. ಆದರೆ ಅವರ ಜೊತೆಗೇ, ಹೊಲದಲ್ಲೇ ಇರುವ, ಕಾಗದ ಮಾತ್ರ ಸರಿಯಿಲ್ಲದ ನಮ್ಮಂಥವರೂ ಬಿದ್ದರು. ಜರಡಿಗೆ ಕಾಳು ಯಾವುದು, ಹೊಟ್ಟು ಯಾವುದು ಗೊತ್ತಾಗುವುದಿಲ್ಲ. ಅದಕ್ಕೆ ತೂತಿನ ಅಳತೆ ಮಾತ್ರ ಗೊತ್ತು.

ಬಾಗಿಲು ಒಂದು: ಉತಾರ

ಎಲ್ಲದರ ಬುಡ ಪಹಣಿ, ನಮ್ಮ ಕಡೆಯ ಮಾತಿನಲ್ಲಿ ಉತಾರ. ಅದರ 9ನೇ ಕಾಲಮ್ಮಿನಲ್ಲಿ ನಿಮ್ಮ ಹೆಸರು ಇದ್ದರೆ ನೀವು ರೈತರು, ಇಲ್ಲದಿದ್ದರೆ ಅಲ್ಲ. ನಲವತ್ತು ವರ್ಷ ನೇಗಿಲು ಹಿಡಿದಿದ್ದರೂ ಅಲ್ಲ.

ಇಲ್ಲಿ ಮೂರು ತೊಡಕು ಸಾಮಾನ್ಯ. ಮೊದಲನೆಯದು, ಅಪ್ಪ ತೀರಿ ಹದಿನೈದು ವರ್ಷವಾದರೂ ಉತಾರ ಅಪ್ಪನ ಹೆಸರಲ್ಲೇ ಇರುವುದು. ವಾರಸಾ ಹಚ್ಚಿಲ್ಲ. ಅಣ್ಣತಮ್ಮಂದಿರಲ್ಲಿ ಒಮ್ಮತ ಇಲ್ಲ ಅಂತಲೋ, ತಂಗಿಯರ ಹೆಸರು ಸೇರುತ್ತದೆ ಅಂತಲೋ ಮುಂದೂಡುತ್ತಾರೆ. ಸತ್ತವರ ಹೆಸರಿನಲ್ಲಿ ಇ-ಕೆವೈಸಿ ಮಾಡಲಾಗುವುದಿಲ್ಲ. ಪಿಎಂ ಕಿಸಾನಿಗೆ 2019ರ ಫೆಬ್ರವರಿ 1ರಂದು ಯಾರ ಹೆಸರಲ್ಲಿ ಜಮೀನಿತ್ತು ಎಂಬುದೇ ಮೂಲ ಅಳತೆಯಾಗಿತ್ತು. ಆ ಮೇಲೆ ಕೊಂಡವರಿಗೆ ದಾರಿ ಇರಲಿಲ್ಲ. ಮಾಲೀಕರು ತೀರಿಹೋಗಿ ವಾರಸುದಾರರಿಗೆ ಬಂದ ಜಮೀನಿಗೆ ಮಾತ್ರ ಈ ತಡೆ ಇರಲಿಲ್ಲ. ಅಂದರೆ ವಾರಸಾ ಹಚ್ಚಿದವರಿಗೆ ಬಾಗಿಲು ತೆರೆದಿದೆ. ಸತ್ತವರ ಹೆಸರಿನ ಪಹಣಿಗಳನ್ನು ಬದಲಿಸಲು ಕಂದಾಯ ಇಲಾಖೆ 2025ರಲ್ಲಿ ಪೌತಿ ಖಾತೆಯ ಆಂದೋಲನವನ್ನೇ ಹೂಡಿತು. ಮರಣ ಪ್ರಮಾಣಪತ್ರ, ವಂಶಾವಳಿ, ಎಲ್ಲ ವಾರಸುದಾರರ ಆಧಾರ್ ಇಟ್ಟುಕೊಂಡು ಗ್ರಾಮ ಆಡಳಿತ ಅಧಿಕಾರಿಯನ್ನು, ಅಂದರೆ ನಮ್ಮ ಹಳೆಯ ತಲಾಟಿಯನ್ನು, ಕಾಣಿರಿ.

ಎರಡನೆಯದು ಜಂಟಿ ಉತಾರ. ಒಂದೇ ಸರ್ವೆ ನಂಬರಿನಲ್ಲಿ ಎಂಟು ಹೆಸರು, ಯಾರಿಗೆ ಎಷ್ಟು ಗುಂಟೆ ಅಂತ ಇಲ್ಲ. ಊರಿಗೆ ಗೊತ್ತು, ಬದುವಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಇದಕ್ಕೆ ವಾಟ್ನಿ, ಪೋಡಿ ಆಗಬೇಕು. ಅದಾಗುವ ತನಕ ಹಿಡುವಳಿಯ ಲೆಕ್ಕ ಅಡ್ಡಾದಿಡ್ಡಿ.

ಮೂರನೆಯದು ಹೆಸರಿನ ತಾಳೆ. ಇದು ಗಡಿಭಾಗದವರಾದ ನಮ್ಮನ್ನು ಜಾಸ್ತಿ ಕಾಡುತ್ತದೆ. ಉತಾರ ಕನ್ನಡದಲ್ಲಿ, ಶಾಲೆ ದಾಖಲೆ ಮರಾಠಿಯಲ್ಲಿ, ಬ್ಯಾಂಕಿನ ಪುಸ್ತಕ ಇಂಗ್ಲಿಷಿನಲ್ಲಿ. ಉತಾರದಲ್ಲಿ ಪರಸಪ್ಪ, ಆಧಾರಿನಲ್ಲಿ ಪರಶುರಾಮ. ಉತಾರದಲ್ಲಿ ಲಕ್ಷ್ಮವ್ವ, ಆಧಾರಿನಲ್ಲಿ ಲಕ್ಷ್ಮೀಬಾಯಿ. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ಊರಲ್ಲಿ ಇಬ್ಬರೂ ಒಬ್ಬರೇ. ಯಂತ್ರಕ್ಕೆ ಇಬ್ಬರು ಬೇರೆ. ಮೊದಲು ಒಂದು ಹಾಳೆಯಲ್ಲಿ ಉತಾರ, ಆಧಾರ್, ಬ್ಯಾಂಕ್ ಪುಸ್ತಕ ಮೂರರಲ್ಲಿ ಇದ್ದ ಹೆಸರನ್ನು ಒಂದರ ಕೆಳಗೆ ಒಂದು ಬರೆದು ನೋಡಿರಿ. ತಪ್ಪು ಎಲ್ಲಿದೆ ಕಣ್ಣಿಗೇ ಕಾಣುತ್ತದೆ.

ಬಾಗಿಲು ಎರಡು: ಎಫ್‌ಐಡಿ

ಕರ್ನಾಟಕದಲ್ಲಿ ಫ್ರೂಟ್ಸ್ ಎಂಬ ತಂತ್ರಾಂಶ ಇದೆ. ಅದರಲ್ಲಿ ನೋಂದಾಯಿಸಿದ ಪ್ರತಿ ರೈತನಿಗೂ ಒಂದು ಎಫ್‌ಐಡಿ ಸಂಖ್ಯೆ. ರೈತ ಸಂಪರ್ಕ ಕೇಂದ್ರದ ಬೀಜ, ತುಂತುರು ನೀರಾವರಿಯ ಪೈಪು, ಹನಿ ನೀರಾವರಿ, ಬರ ಪರಿಹಾರ, ಬೆಂಬಲ ಬೆಲೆಯ ಖರೀದಿ, ಎಲ್ಲದಕ್ಕೂ ಈಗ ಇದೇ ಕೀಲಿಕೈ.

ಎಫ್‌ಐಡಿ ಇದೆ ಎಂದು ಬಹಳ ಜನ ನಿಶ್ಚಿಂತರಾಗಿದ್ದಾರೆ. ನೋಡಬೇಕಾದದ್ದು ಸಂಖ್ಯೆ ಇದೆಯೇ ಎಂಬುದನ್ನಲ್ಲ, ಅದರೊಳಗೆ ಎಷ್ಟು ಸರ್ವೆ ನಂಬರು ಕೂತಿವೆ ಎಂಬುದನ್ನು. ಐದು ತುಂಡು ಜಮೀನು ಇದ್ದವರು ಯಾವಾಗಲೋ ಬೀಜಕ್ಕೆ ಹೋದಾಗ ಕೈಯಲ್ಲಿದ್ದ ಒಂದು ಉತಾರ ಕೊಟ್ಟು ಮಾಡಿಸಿರುತ್ತಾರೆ. ಆರು ಸಾವಿರಕ್ಕೆ ಇದರಿಂದ ತೊಂದರೆ ಆಗದು, ಅದು ಕುಟುಂಬಕ್ಕೆ ಒಂದೇ ಮೊತ್ತ. ಆದರೆ ಪರಿಹಾರ ಕೊಡುವುದು ಗುಂಟೆಯ ಲೆಕ್ಕದಲ್ಲಿ. ಅಲ್ಲಿ ಪೆಟ್ಟು ಬೀಳುತ್ತದೆ.

ಲೆಕ್ಕ ಹಾಕಿ ತೋರಿಸುತ್ತೇನೆ. 2022ರಿಂದ 2026ರ ಮಾರ್ಚ್ ತನಕದ ಅವಧಿಗೆ ಕೇಂದ್ರ ಗೊತ್ತುಮಾಡಿದ ವಿಕೋಪ ಪರಿಹಾರದ ದರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚು ನಷ್ಟ ಆಗಿರಬೇಕು, 2 ಹೆಕ್ಟೇರ್ ಮಿತಿ. ಹೆಕ್ಟೇರೆಂದರೆ ಹತ್ತಿರಹತ್ತಿರ ಎರಡೂವರೆ ಎಕರೆ, ನೂರು ಗುಂಟೆ ಅಂತ ಹಿಡಿಯಿರಿ. ಮಳೆಯಾಶ್ರಿತ ಭತ್ತಕ್ಕೆ ಗುಂಟೆಗೆ 85 ರೂಪಾಯಿ ಆಯಿತು. ನಿಮ್ಮದು ಎರಡೂವರೆ ಎಕರೆ ಇದ್ದು, ಎಫ್‌ಐಡಿಯಲ್ಲಿ ಇಪ್ಪತ್ತು ಗುಂಟೆ ಮಾತ್ರ ಇದ್ದರೆ 8,500ರ ಬದಲು 1,700 ಬರುತ್ತದೆ. ಮಿಕ್ಕ 6,800 ಯಾರೂ ತಿಂದಿಲ್ಲ, ಅದು ನಿಮ್ಮ ಹೆಸರಿಗೆ ಹುಟ್ಟಲೇ ಇಲ್ಲ.

2023ರ ಬರಗಾಲದಲ್ಲಿ ಇದು ಎದ್ದು ಕಂಡಿತು. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದ್ದರು. ಕೇಂದ್ರದ ಹಣ ಬರಲು ತಡವಾಗಿ, 2024ರ ಜನವರಿಯಲ್ಲಿ ರಾಜ್ಯವೇ ಮೊದಲ ಕಂತೆಂದು 2,000 ರೂಪಾಯಿ ತನಕ ಕೊಡಲು ಶುರು ಮಾಡಿತು. ಮಾರ್ಚಿನಲ್ಲಿ ರಾಜ್ಯ ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಎಪ್ರಿಲಿನಲ್ಲಿ ಕೇಂದ್ರದಿಂದ 3,454 ಕೋಟಿ ಬಿಡುಗಡೆ ಆಯಿತು. ಎಲ್ಲವೂ ಎಫ್‌ಐಡಿ ಲೆಕ್ಕದ ಮೇಲೆ. ದಿಲ್ಲಿ ಬೆಂಗಳೂರುಗಳ ಜಗ್ಗಾಟ ನಮ್ಮ ಕೈಯಲ್ಲಿ ಇಲ್ಲ. ಬಿಟ್ಟುಹೋದ ಸರ್ವೆ ನಂಬರು ಸೇರಿಸುವುದು ನಮ್ಮ ಕೈಯಲ್ಲಿದೆ. ಎಲ್ಲ ಉತಾರ, ಆಧಾರ್, ಬ್ಯಾಂಕ್ ಪುಸ್ತಕ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಆಗುವ ಕೆಲಸ ಇದು.

ಇದರ ಬೆನ್ನಿಗೇ ಇನ್ನೊಂದು ಇದೆ, ಬೆಳೆ ಸಮೀಕ್ಷೆ. ಗದ್ದೆಯಲ್ಲಿ ಭತ್ತ ಇದ್ದು ಸಮೀಕ್ಷೆಯಲ್ಲಿ ಪಾಳು ಅಂತ ಬಿದ್ದಿದ್ದರೆ ಪರಿಹಾರವೂ ಇಲ್ಲ, ವಿಮೆಯಲ್ಲೂ ತಕರಾರು. 2020ರಿಂದ ರೈತರೇ ಮೊಬೈಲಿನಲ್ಲಿ ತಮ್ಮ ಬೆಳೆಯ ಫೋಟೋ ತೆಗೆದು ಹಾಕುವ ಅವಕಾಶ ಇದೆ. ಹೊಲದೊಳಗೇ ನಿಂತು ತೆಗೆಯಬೇಕು. ನಮ್ಮ ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಮಳೆ ಬಿಡುವುದಿಲ್ಲ, ಆದ್ದರಿಂದ ಬಹಳ ಜನ ಬಿಟ್ಟುಬಿಡುತ್ತಾರೆ. ಬಿಟ್ಟರೆ ಯಾರೋ ಬಂದು ದಾಖಲಿಸಿ ಹೋಗುತ್ತಾರೆ. ಏನು ದಾಖಲಾಗಿದೆ ಎಂದು ಬೆಳೆ ದರ್ಶಕ್ ಎಂಬ ಆ್ಯಪಿನಲ್ಲಿ ನೋಡಬಹುದು, ತಪ್ಪಿದ್ದರೆ ಆಕ್ಷೇಪಣೆ ಹಾಕಬಹುದು. ಅದಕ್ಕೆ ಅವಧಿ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಹೇಳಿದರೆ ಹೊಲದಲ್ಲಿ ತೋರಿಸಲಿಕ್ಕೆ ಏನೂ ಉಳಿದಿರುವುದಿಲ್ಲ.

ಬಾಗಿಲು ಮೂರು: ಇ-ಕೆವೈಸಿ

ಇದು ಬದುಕಿದ್ದೀರಿ, ನೀವೇ ಇದ್ದೀರಿ ಎಂದು ತೋರಿಸುವ ಕೆಲಸ. ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿಯಿಂದ ಮಾಡಬಹುದು. ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳು ಕೊಟ್ಟು ಮಾಡಬಹುದು. ಸಗಣಿ, ಸುಣ್ಣ, ಮಣ್ಣಿನಲ್ಲಿ ಸವೆದ ಬೆರಳು ಯಂತ್ರದಲ್ಲಿ ಮೂಡುವುದಿಲ್ಲ, ವಯಸ್ಸಾದವರದ್ದಂತೂ ಕಷ್ಟ. ಇಂಥವರಿಗೆ 2023ರಿಂದ ಪಿಎಂ ಕಿಸಾನ್ ಆ್ಯಪಿನಲ್ಲಿ ಮುಖ ತೋರಿಸಿ ಮಾಡುವ ಸೌಕರ್ಯ ಬಂದಿದೆ. ಬೆರಳು ಮೂಡಲಿಲ್ಲ ಅಂತ ಅಜ್ಜನನ್ನು ಹತ್ತು ಸಲ ತಾಲೂಕಿಗೆ ಒಯ್ಯಬೇಕಿಲ್ಲ. ಮನೆಯಲ್ಲೇ ಮೊಮ್ಮಗನ ಮೊಬೈಲಿನಲ್ಲಿ ಆಗುತ್ತದೆ.

ಒಂದು ಎಚ್ಚರಿಕೆ. ಪಿಎಂ ಕಿಸಾನ್ ಹೆಸರಲ್ಲಿ ವಾಟ್ಸಾಪಿಗೆ ಬರುವ ಫೈಲನ್ನು ಒತ್ತಬೇಡಿರಿ. ಅದನ್ನು ಹಾಕಿಕೊಂಡವರ ಖಾತೆ ಖಾಲಿಯಾದ ಪ್ರಕರಣಗಳು ಆಗಿವೆ. ಸರಕಾರ ವಾಟ್ಸಾಪಿನಲ್ಲಿ ಆ್ಯಪ್ ಹಂಚುವುದಿಲ್ಲ.

ಬಾಗಿಲು ನಾಲ್ಕು: ಬ್ಯಾಂಕು

"ನನ್ನ ಖಾತೆಗೆ ಆಧಾರ್ ಕೊಟ್ಟೇನಲ್ರಿ" ಅನ್ನುತ್ತಾರೆ. ಕೊಟ್ಟಿರಬಹುದು. ಆದರೆ ಆಧಾರ್ ಪ್ರತಿ ಬ್ಯಾಂಕಿನ ಫೈಲಿನಲ್ಲಿ ಇರುವುದು ಬೇರೆ, ಸಹಾಯಧನಕ್ಕಾಗಿ ಜೋಡಣೆ ಆಗಿರುವುದು ಬೇರೆ. ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಒಂದು ಆಧಾರಿಗೆ ಒಂದೇ ಬ್ಯಾಂಕು ಇರುತ್ತದೆ. ಸರಕಾರ ಆಧಾರ್ ಸಂಖ್ಯೆಗೆ ರೊಕ್ಕ ಕಳಿಸುತ್ತದೆ, ಖಾತೆ ಸಂಖ್ಯೆಗಲ್ಲ. ಆ ಪಟ್ಟಿಯಲ್ಲಿ ಕೊನೆಗೆ ಯಾವ ಬ್ಯಾಂಕು ಜೋಡಣೆ ಆಗಿದೆಯೋ ಅಲ್ಲಿಗೆ ಅದು ಹೋಗುತ್ತದೆ. ಮಗಳ ಮದುವೆಗೆ ಬಂಗಾರ ಅಡ ಇಡುವಾಗ, ಸ್ವಸಹಾಯ ಸಂಘದ ಸಾಲಕ್ಕೆ, ಹೊಸ ಖಾತೆ ತೆರೆದಿರುತ್ತೀರಿ. ಅಲ್ಲಿ ಒಂದು ಸಹಿ ಹಾಕಿಸಿಕೊಂಡಿರುತ್ತಾರೆ, ಜೋಡಣೆ ಅಲ್ಲಿಗೆ ದಾಟಿರುತ್ತದೆ. ರೊಕ್ಕ ಬಂದಿಲ್ಲ ಎಂದು ವರ್ಷಗಟ್ಟಲೆ ಕೊರಗಿದವರ ಮರೆತ ಖಾತೆಯಲ್ಲಿ ಮೂರ್ನಾಲ್ಕು ಕಂತು ಕೂತಿದ್ದನ್ನು ನಾನು ಕಂಡಿದ್ದೇನೆ. ಯಾವ ಬ್ಯಾಂಕು ಜೋಡಣೆಯಾಗಿದೆ ಎಂಬುದನ್ನು ಆಧಾರ್ ಜಾಲತಾಣದಲ್ಲೇ ನೋಡಬಹುದು. ಬ್ಯಾಂಕಿಗೆ ಹೋಗುವುದಕ್ಕೆ ಮೊದಲು ಅದನ್ನು ನೋಡಿರಿ.

ಬಂದ ಪರಿಹಾರವನ್ನು ಹಳೆ ಸಾಲಕ್ಕೆ ಮುರಿದುಕೊಳ್ಳುವುದೂ ಉಂಟು. ಬರ ಪರಿಹಾರವನ್ನು ಹೀಗೆ ಸಾಲಕ್ಕೆ ಜಮಾ ಮಾಡಬಾರದೆಂದು 2024ರಲ್ಲಿ ಸರಕಾರ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತ್ತು. ಹಾಗೆ ಮಾಡಿದ್ದರೆ ಬಾಯಿಮಾತು ಬೇಡ. ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಒಂದು ಪ್ರತಿ ತಹಶೀಲ್ದಾರರಿಗೆ ಮುಟ್ಟಿಸಿ, ಸ್ವೀಕೃತಿ ತೆಗೆದುಕೊಳ್ಳಿರಿ.

ಯಾವ ಬಾಗಿಲೂ ಇಲ್ಲದವರು

ನಾಲ್ಕೂ ಬಾಗಿಲು ಸರಿಯಾದ ಮೇಲೂ ಒಂದು ದೊಡ್ಡ ಗುಂಪು ಹೊರಗೇ ಉಳಿಯುತ್ತದೆ. ಅದನ್ನು ಹೇಳದೆ ಈ ಲೇಖನ ಮುಗಿಸಿದರೆ ಅನ್ಯಾಯ.

ಖಾನಾಪುರದ ಎಷ್ಟೋ ಹೊಲಗಳ ಉತಾರದ ಯಜಮಾನರು ಬೆಳಗಾವಿಯಲ್ಲಿ ಇದ್ದಾರೆ. ಶಿವಬಸವ ನಗರ, ಟಿಳಕವಾಡಿ, ಶಹಾಪುರ ಕಡೆ ಮನೆ. ನೌಕರಿ, ಅಂಗಡಿ, ಮಕ್ಕಳ ಶಾಲೆ ಅಂತ ಹೋದವರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಲ್ಲಿ ನನ್ನ ಬೀಗರೂ ಇದ್ದಾರೆ. ಹೊಲ ಮಾತ್ರ ಊರಲ್ಲಿ ಇನ್ನೊಬ್ಬರು ಮಾಡುತ್ತಾರೆ, ಲಾವಣಿಗೋ ಪಾಲಿಗೋ. ಆರು ಸಾವಿರ ಯಾರಿಗೆ? ಅರ್ಹತೆ ಇದ್ದರೆ ಉತಾರದವರಿಗೆ. ಅತಿವೃಷ್ಟಿಯಲ್ಲಿ ನಾಟಿ ಕೊಚ್ಚಿಹೋದರೆ ಪರಿಹಾರ ಯಾರಿಗೆ? ಉತಾರದವರಿಗೇ. ಬೀಜ, ಗೊಬ್ಬರ, ಆಳು, ಎತ್ತು ಎಲ್ಲ ಖರ್ಚು ಮಾಡಿದವನಿಗೆ ಕೊಚ್ಚಿಹೋದ ಗದ್ದೆ.

ಇದಕ್ಕೆ ಕಾರಣ ಕಾನೂನಿನಲ್ಲಿದೆ. 1974ರ ಭೂಸುಧಾರಣೆ ತಿದ್ದುಪಡಿ ಕರ್ನಾಟಕದಲ್ಲಿ ಗೇಣಿಯನ್ನೇ ರದ್ದು ಮಾಡಿತು. ಅಂದು 7 ನಂಬರ್ ಅರ್ಜಿ ಹಾಕಿ ಉಳುವವರು ಒಡೆಯರಾದರು. ಅದು ದೊಡ್ಡ ಕೆಲಸ. ಆದರೆ ಆ ಮೇಲೆ ಹುಟ್ಟಿಕೊಂಡ ಲಾವಣಿಗೆ ಕಾಗದ ಇಲ್ಲ. ಬರೆದುಕೊಟ್ಟರೆ ಜಮೀನು ಹೋದೀತು ಎಂಬ ಹೆದರಿಕೆ ಯಜಮಾನರಿಗೆ, ಕೇಳಿದರೆ ಹೊಲ ಬಿಡಿಸಿಯಾರು ಎಂಬ ಹೆದರಿಕೆ ಮಾಡುವವನಿಗೆ. ಅದೇ ದೇಶದಲ್ಲಿ ಒಡಿಶಾದ ಕಾಲಿಯಾ ಯೋಜನೆ 2018ರಲ್ಲಿ ಪಾಲಿನವರನ್ನೂ ಭೂಹೀನರನ್ನೂ ಒಳಗೆ ತಂದಿತು. ಆಂಧ್ರ 2019ರಲ್ಲಿ, ಒಡೆತನಕ್ಕೆ ಧಕ್ಕೆ ಇಲ್ಲದಂತೆ ಹನ್ನೊಂದು ತಿಂಗಳ ಸಾಗುವಳಿ ಪತ್ರ ಕೊಡುವ ಕಾನೂನು ಮಾಡಿತು. ಅಂದರೆ ದಾರಿ ಇಲ್ಲದಿಲ್ಲ. ಅಂಥ ಪತ್ರ ನಮ್ಮಲ್ಲೂ ಬೇಕು ಎಂದು ರೈತರು ಕೇಳಬೇಕು. ಅಲ್ಲಿಯ ತನಕ ಒಂದು ಊರಮಟ್ಟದ ಉಪಾಯ: ಲಾವಣಿ ಮಾತಾಡುವಾಗಲೇ, ಯುಗಾದಿಗೆ, ಪರಿಹಾರ ಬಂದರೆ ಯಾರಿಗೆ ಎಷ್ಟು ಎಂದು ನಾಲ್ಕು ಜನರ ಎದುರು ಮಾತಾಡಿಕೊಳ್ಳಿರಿ. ಬೆಳೆ ಹೋದ ಮೇಲೆ ಮಾತಾಡಿದರೆ ಜಗಳವೇ ಆಗುತ್ತದೆ.

ಹೆಣ್ಣುಮಕ್ಕಳದೂ ಇದೇ ಪಾಡು. ಗಂಡ ಗೋವಾಕ್ಕೆ ದುಡಿಯಲು ಹೋದ, ಹೊಲ ಮನೆ ಎರಡೂ ಅವಳದೇ. ಉತಾರದಲ್ಲಿ ಹೆಸರು ಮಾವನದು. ವಾರಸಾ ಹಚ್ಚುವಾಗ ಸೊಸೆಯ, ವಿಧವೆಯ ಹೆಸರು ಬಿಡಿಸುವ ಕೆಟ್ಟ ರೂಢಿ ನಮ್ಮಲ್ಲಿದೆ. ಹಾಗೆ ಬಿಡಿಸಿದ ಹೆಸರಿಗೆ ಇಂದಿನ ಕಾಲದಲ್ಲಿ ಬೀಜದಿಂದ ಹಿಡಿದು ಬರ ಪರಿಹಾರದ ತನಕ ಎಲ್ಲವೂ ತಪ್ಪುತ್ತದೆ ಎಂಬುದು ನೆನಪಿರಲಿ.

ರೊಕ್ಕದ ತೂಕ

ಇಷ್ಟೆಲ್ಲ ಮಾಡಿ ಸಿಗುವುದು ಎಷ್ಟು? 6,000ವನ್ನು 365 ದಿನಕ್ಕೆ ಭಾಗಿಸಿದರೆ ದಿನಕ್ಕೆ 16 ರೂಪಾಯಿ 44 ಪೈಸೆ. ಇನ್ನೊಂದು ತಕ್ಕಡಿಯಲ್ಲಿ ತೂಗಿ ನೋಡೋಣ. ಯೋಜನೆ ಶುರುವಾದಾಗ, 2018-19ರಲ್ಲಿ, ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 1,750. ಆರು ಸಾವಿರವೆಂದರೆ ಸುಮಾರು 3 ಕ್ವಿಂಟಲ್ 43 ಕಿಲೋ ಭತ್ತದ ಬೆಲೆ. 2025-26ರ ಬೆಂಬಲ ಬೆಲೆ 2,369. ಅದೇ ಆರು ಸಾವಿರ ಈಗ 2 ಕ್ವಿಂಟಲ್ 53 ಕಿಲೋಗೆ ಇಳಿದಿದೆ. ಯಾರೂ ಕಡಿಮೆ ಮಾಡದೆಯೇ ಸುಮಾರು ಒಂದು ಚೀಲ ಭತ್ತ ಕರಗಿತು. ಸಹಾಯಧನ ಬೆಲೆಯ ಜೊತೆ ಏರಬೇಕು ಎಂಬ ಬೇಡಿಕೆಗೆ ಇದಕ್ಕಿಂತ ಬೇರೆ ಆಧಾರ ಬೇಡ.

ಆದರೂ ಮೇ ತಿಂಗಳ ಕೊನೆಗೆ, ಮಳೆಗೆ ಮೊದಲು, ಕೈಯಲ್ಲಿ ಎರಡು ಸಾವಿರ ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸ ಏನೆಂದು ಸಣ್ಣ ರೈತನಿಗೆ ಗೊತ್ತು. ಬಿತ್ತನೆ ಬೀಜಕ್ಕೆ ಬಡ್ಡಿ ಸಾಲ ತಪ್ಪುತ್ತದೆ.

ಊರಲ್ಲಿ ಮಾಡಬಹುದಾದದ್ದು

ಪಿಎಂ ಕಿಸಾನ್ ಫಲಾನುಭವಿಗಳ ಪಟ್ಟಿ ಹಳ್ಳಿವಾರು ಅದರ ಜಾಲತಾಣದಲ್ಲೇ ಇದೆ. ಅಮೆರಿಕದಲ್ಲಿ ಯಾವ ಜಿಲ್ಲೆಯ ಯಾವ ರೈತನಿಗೆ ಎಷ್ಟು ಸಹಾಯಧನ ಹೋಯಿತೆಂಬ 1995ರಿಂದೀಚಿನ ಲೆಕ್ಕವನ್ನು ಒಂದು ಸಂಸ್ಥೆ ಎಲ್ಲರಿಗೂ ಕಾಣುವಂತೆ ಇಟ್ಟಿದೆ. ದೊಡ್ಡ ಹಿಡುವಳಿಗಳೇ ಬಹುಪಾಲು ಒಯ್ಯುತ್ತಿವೆ ಎಂದು ಅಲ್ಲಿಯ ಜನಕ್ಕೆ ಗೊತ್ತಾದದ್ದು ಅದರಿಂದಲೇ. ನಮ್ಮ ಪಟ್ಟಿಯನ್ನು ನಾವು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿದರೆ ಸಾಕು. ಸತ್ತವರ ಹೆಸರು, ಬಿಟ್ಟುಹೋದವರ ಹೆಸರು ಎರಡೂ ಅರ್ಧ ತಾಸಿನಲ್ಲಿ ಹೊರಬರುತ್ತವೆ.

ನಿಮ್ಮ ಮನೆಯ ಮಟ್ಟಿಗೆ ಈ ಕ್ರಮ ಹಿಡಿಯಿರಿ: ಮೊದಲು ಉತಾರದ ಹೆಸರು, ಆ ಮೇಲೆ ಎಫ್‌ಐಡಿಯಲ್ಲಿ ಎಲ್ಲ ಸರ್ವೆ ನಂಬರು, ಆ ಮೇಲೆ ಇ-ಕೆವೈಸಿ, ಕೊನೆಗೆ ಬ್ಯಾಂಕ್ ಜೋಡಣೆ. ಹಿಂದುಮುಂದಾಗಿ ಹೋದರೆ ಒಂದೇ ಕಚೇರಿಗೆ ಎರಡೆರಡು ಸಲ ಅಲೆಯಬೇಕಾಗುತ್ತದೆ. ಪ್ರತಿ ಹಂಗಾಮಿಗೆ ಬೆಳೆ ಸಮೀಕ್ಷೆ ನೋಡಿರಿ. ಕೊಟ್ಟ ಪ್ರತಿ ಅರ್ಜಿಯ ಸ್ವೀಕೃತಿ ಇಟ್ಟುಕೊಳ್ಳಿರಿ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಉತಾರ, ಆಧಾರ್, ಬ್ಯಾಂಕ್ ಪುಸ್ತಕ, ಎಫ್‌ಐಡಿ ಬರೆದ ಚೀಟಿ ಹಾಕಿ ಒಲೆಯ ಹೊಗೆ, ಮಳೆಗಾಲದ ಥಂಡಿ ತಾಗದ ಕಡೆ ಇಡಿರಿ. ಮನೆಯ ಹೆಣ್ಣುಮಕ್ಕಳಿಗೂ ಅದು ಎಲ್ಲಿದೆ ಎಂದು ಗೊತ್ತಿರಲಿ.